ತಿಕ್ಕುವ ಮೊದಲು ಕಲೆ ಯಾವುದೆಂದು ಕೇಳಿ

ನಿಮ್ಮ ಬಚ್ಚಲಿನ ಪ್ಲಾಸ್ಟಿಕ್ ಬಕೆಟ್ಟಿನ ಒಳಗೊಮ್ಮೆ ನೋಡಿ. ಕಾಸರಗೋಡಿನ ಕೆಂಪು ಕಲ್ಲಿನ ನೆಲದಲ್ಲಿ ಇರುವವರಿಗೆ ತುಕ್ಕಿನ ಬಣ್ಣದ ಕಲೆ ಕಾಣಬಹುದು. ಸೊಲ್ಲಾಪುರ, ಜತ್ತ ಕಡೆ ಬೋರಿನ ಗಡಸು ನೀರು ಬಳಸುವವರಿಗೆ ಬಿಳಿ ಪೊರೆ. ಬಿಸಿಲಿಗಿಟ್ಟ ತೊಟ್ಟಿಯಲ್ಲಿ ಹಸಿರು ಪಾಚಿ ಎಲ್ಲ ಊರಲ್ಲೂ ಇದ್ದದ್ದೇ. ಎಲ್ಲದಕ್ಕೂ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರಾಯ್ತು ಅಂದ್ಕೊಂಡಿದ್ದೀರಾ? ಹಾಗಲ್ಲ.

ಈಜುಕೊಳ ನೋಡಿಕೊಳ್ಳುವವರಿಗೆ ಈ ಪಾಠ ಚೆನ್ನಾಗಿ ಗೊತ್ತು. ಕೆಲವು ಕೊಳಗಳ ಒಳಗೆ ವಿನೈಲ್ ಹಾಳೆ ಹೊದಿಸಿರುತ್ತಾರೆ. ಅದರ ಮೇಲೆ ಕಲೆಯಾದರೆ ಅವರು ಮೊದಲು ತಿಕ್ಕುವುದಿಲ್ಲ. ವಿಟಮಿನ್ ಸಿ ಮಾತ್ರೆಯೊಂದನ್ನು ಕಲೆಯ ಮೇಲೆ ಸುಮಾರು ಅರ್ಧ ನಿಮಿಷ ಒತ್ತಿ ಹಿಡಿಯುತ್ತಾರೆ. ಕಲೆ ತಿಳಿಯಾದರೆ ಅದು ಲೋಹದ್ದು, ಹೆಚ್ಚಾಗಿ ಕಬ್ಬಿಣದ್ದು. ತಿಳಿಯಾಗದೆ, ಕ್ಲೋರಿನ್ ತಾಗಿದಾಗ ಮಾಸಿದರೆ ಅದು ಎಲೆ ಅಥವಾ ಪಾಚಿಯದ್ದು.

ಯಾಕೆ ಹೀಗೆ? ನೆಲದಡಿಯ ನೀರಿನಲ್ಲಿ ಕಬ್ಬಿಣ ಫೆರಸ್ ರೂಪದಲ್ಲಿ ಕರಗಿರುತ್ತದೆ. ಆಗ ನೀರು ತಿಳಿಯಾಗಿಯೇ ಕಾಣುತ್ತದೆ. ಮೇಲೆ ಬಂದು ಗಾಳಿ ತಾಗಿದಾಗ ಆಮ್ಲಜನಕ ಅದನ್ನು ಫೆರಿಕ್ ರೂಪಕ್ಕೆ ತಿರುಗಿಸುತ್ತದೆ. ಅದು ನೀರಿನಲ್ಲಿ ಕರಗದೆ ಕೆಂಗಂದು ಬಣ್ಣದಲ್ಲಿ ಅಂಟಿಕೊಳ್ಳುತ್ತದೆ. ವಿಟಮಿನ್ ಸಿ ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ, ಅಂದರೆ ಅಪಕರ್ಷಣ. ಫೆರಿಕ್ ಮತ್ತೆ ಫೆರಸ್ ಆಗಿ ಕರಗಿ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಉತ್ಕರ್ಷಣಕಾರಿ. ನೀರಲ್ಲಿ ಉಳಿದ ಕಬ್ಬಿಣವನ್ನೂ ಅದು ಕಲೆಯಾಗಿಸುತ್ತದೆ. ಹೋಗಲಿ ಅಂತ ಹಾಕಿದ ಪುಡಿ ಕಲೆಯನ್ನು ಹೆಚ್ಚಿಸಿತು ನೋಡಿ!

ಬಿಳಿ ಪೊರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಮೇಲೆ ನಾಲ್ಕು ಹನಿ ನಿಂಬೆರಸ ಬಿಡಿ. ಸಣ್ಣ ಗುಳ್ಳೆ ಎದ್ದರೆ ಅದು ಕಾರ್ಬನ್ ಡೈಆಕ್ಸೈಡ್. ಸ್ವಲ್ಪ ಹೊತ್ತು ಬಿಟ್ಟು ತೆಂಗಿನ ನಾರಿನಿಂದ ಉಜ್ಜಿ ತೊಳೆದರೆ ಪೊರೆ ಬಿಡುತ್ತದೆ. ಸಿಮೆಂಟಿನ ತೊಟ್ಟಿಯಲ್ಲಿ ಮಾತ್ರ ಇದನ್ನು ಮಾಡಬೇಡಿ. ಸಿಮೆಂಟಿನಲ್ಲೂ ಸುಣ್ಣದ ಅಂಶ ಇರುವುದರಿಂದ ಆಮ್ಲ ಅದನ್ನೇ ತಿನ್ನುತ್ತದೆ. ಕಬ್ಬಿಣದ ನಾರಿನಿಂದಲೂ ಉಜ್ಜಬಾರದು. ಅದರ ಚೂರುಗಳು ಉಳಿದು ತುಕ್ಕು ಹಿಡಿದು ಹೊಸ ಕಲೆ ಮಾಡುತ್ತವೆ.

ಪಾಚಿ ಜೀವಿ. ಅದಕ್ಕೆ ಬೆಳಕು ಬೇಕು. ಉಜ್ಜಿ ತೆಗೆದು, ತೊಟ್ಟಿಗೆ ಬೆಳಕು ಹೋಗದಂತೆ ಮುಚ್ಚಳ ಹಾಕಿದರೆ ಮತ್ತೆ ಬೇಗ ಬೆಳೆಯದು. ಬ್ಲೀಚಿಂಗ್ ಪೌಡರ್ ಇಲ್ಲಿ ಸರಿಯಾದ ಮದ್ದು, ಆದರೆ ಅದನ್ನು ದೊಡ್ಡವರೇ ಹಾಕಲಿ.

ಇನ್ನೊಂದು ಮಾತು, ಇದನ್ನಂತೂ ಮರೆಯಬೇಡಿ. ಬ್ಲೀಚಿಂಗ್ ಪೌಡರನ್ನು ನಿಂಬೆರಸ, ವಿನೆಗರ್, ಕಕ್ಕಸು ತೊಳೆಯುವ ಆಸಿಡ್ ಯಾವುದರ ಜೊತೆಗೂ ಸೇರಿಸಬಾರದು. ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಉಸಿರಿಗೇ ಕುತ್ತು. "ಎರಡೂ ಹಾಕಿದರೆ ಬೇಗ ಹೋಗುತ್ತೆ" ಅಂತ ಮನೆಯಲ್ಲಿ ಯಾರಾದರೂ ಹೊರಟರೆ ತಡೆಯಿರಿ, ಕಾರಣವನ್ನೂ ಹೇಳಿ.

ಮಾಡಿ ನೋಡಿ: ಎರಡು ಲೋಟದಲ್ಲಿ ಹಾಲು ಹಾಕದ ತಿಳಿ ಚಹಾ ಡಿಕಾಕ್ಷನ್ ತೆಗೆದುಕೊಳ್ಳಿ. ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಅಷ್ಟೇ ಬಾವಿನೀರು ಸೇರಿಸಿ. ಬಾವಿನೀರಿನ ಲೋಟ ಶಾಯಿಯಂತೆ ಕಪ್ಪಾದರೆ ನಿಮ್ಮ ನೀರಿನಲ್ಲಿ ಕಬ್ಬಿಣ ಇದೆ. ಚಹಾದ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಆ ಬಣ್ಣ ಬರುತ್ತದೆ. ಈ ನೀರನ್ನು ಕುಡಿಯಬೇಡಿ, ಚೆಲ್ಲಿಬಿಡಿ. ಕಂಡದ್ದನ್ನು ಬರೆದು ನಿಮ್ಮ ವಿಜ್ಞಾನ ಟೀಚರಿಗೆ ತೋರಿಸಿ.