ಮಗುವಿನ ಟಾನ್ಸಿಲ್ ತೆಗೆಸುವ ಮುನ್ನ

1934ರಲ್ಲಿ ನ್ಯೂಯಾರ್ಕಿನಿಂದ ಒಂದು ವರದಿ ಹೊರಬಂತು. ಹನ್ನೊಂದು ವರ್ಷದ 1000 ಶಾಲಾ ಮಕ್ಕಳ ಪೈಕಿ 611 ಮಂದಿಗೆ ಆಗಲೇ ಟಾನ್ಸಿಲ್ ತೆಗೆಸಿಯಾಗಿತ್ತು. ಉಳಿದ 389 ಮಕ್ಕಳ ಗಂಟಲು ನೋಡಿದ ವೈದ್ಯರು 174 ಮಂದಿಗೆ ಆಪರೇಷನ್ ಬೇಕೆಂದರು. ಬೇಡವೆನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರ ಬಳಿ ಕಳಿಸಿದರೆ ಅವರು 99 ಮಂದಿಯನ್ನು ಆರಿಸಿದರು. ಆಗಲೂ ಉಳಿದುಕೊಂಡ 116 ಮಕ್ಕಳಲ್ಲಿ ಮೂರನೆಯ ಸುತ್ತಿನ ವೈದ್ಯರಿಗೆ 51 ಮಂದಿ ಸಿಕ್ಕರು. ಮುಂದೆ ಯಾರೇ ನಿಂತಿರಲಿ, ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಕತ್ತರಿ! ಈ ಅಂಕಿಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಮಕ್ಕಳಲ್ಲಿ ಎಷ್ಟೋ ಮಂದಿಗೆ ಆ ನೋವು ಬೇಕಿರಲಿಲ್ಲ.

ಟಾರ್ಚ್ ಹಿಡಿದು ಬಾಯೊಳಗೆ ನೋಡಿದರೆ ಕಾಣುವುದು ಗಾತ್ರ. ಗಾತ್ರವೊಂದೇ ರೋಗವಲ್ಲ. ಉಸಿರು, ಆಹಾರ ಎರಡೂ ಹಾಯುವ ದಾರಿಯಲ್ಲಿ ಕುಳಿತಿರುವ ಟಾನ್ಸಿಲ್, ಒಳಬರುವ ರೋಗಾಣುಗಳನ್ನು ಗುರುತಿಸಿ ಪ್ರತಿಕಾಯ ತಯಾರಿಸುವ ಅಂಗಾಂಶ. ಮಗು ಅಂಗನವಾಡಿಗೆ, ಶಾಲೆಗೆ ಹೋಗತೊಡಗಿ ದಿನಕ್ಕೊಂದು ಹೊಸ ಸೋಂಕನ್ನು ಎದುರಿಸುವ ವಯಸ್ಸಿನಲ್ಲಿ ಅದು ಉಬ್ಬಿಕೊಂಡೇ ಇರುತ್ತದೆ. ಹರೆಯಕ್ಕೆ ಬರುವ ಹೊತ್ತಿಗೆ ಸಾಮಾನ್ಯವಾಗಿ ತಾನಾಗಿಯೇ ಕುಗ್ಗುತ್ತದೆ.

ಹಾಗಾದರೆ ತೀರ್ಮಾನ ಯಾವುದರ ಮೇಲೆ? ಪಿಟ್ಸ್‌ಬರ್ಗಿನ ಮಕ್ಕಳ ತಜ್ಞ ಜ್ಯಾಕ್ ಪ್ಯಾರಡೈಸ್ ಈ ಪ್ರಶ್ನೆಯ ಬೆನ್ನು ಹತ್ತಿದವರು. ಮಗುವಿಗೆ ಪದೇ ಪದೇ ಗಂಟಲು ಬೇನೆ ಎಂದು ಮನೆಯವರು ಹೇಳುತ್ತಿದ್ದ, ಆದರೆ ಸರಿಯಾದ ದಾಖಲೆ ಇಲ್ಲದ 65 ಮಕ್ಕಳನ್ನು ಅವರ ತಂಡ ಹತ್ತಿರದಿಂದ ಗಮನಿಸಿ 1978ರಲ್ಲಿ ಫಲಿತಾಂಶ ಪ್ರಕಟಿಸಿತು. ಮೊದಲ ವರ್ಷದಲ್ಲಿ ಹೇಳಿದಷ್ಟೇ ಕಾಯಿಲೆ ಮರುಕಳಿಸಿದ್ದು 11 ಮಕ್ಕಳಲ್ಲಿ ಮಾತ್ರ. ತಂದೆತಾಯಿ ಸುಳ್ಳು ಹೇಳಿದರೆಂದಲ್ಲ. ಮಗು ಜ್ವರದಲ್ಲಿ ನರಳಿದ ರಾತ್ರಿಗಳು ಮನಸ್ಸಿನಲ್ಲಿ ಒಂದಕ್ಕೆ ಎರಡಾಗಿ ಉಳಿಯುತ್ತವೆ. ಜೊತೆಗೆ, ಕಾಯಿಲೆ ತೀರಾ ಹೆಚ್ಚಾದಾಗಲೇ ನಾವು ತಜ್ಞರ ಬಳಿ ಓಡುವುದು; ಆಮೇಲೆ ಅದು ಇಳಿಯುವುದೂ ಸಹಜವೇ.

1984ರಲ್ಲಿ ಅದೇ ತಂಡ, ನಿಜಕ್ಕೂ ತೀವ್ರವಾಗಿ ನರಳುತ್ತಿದ್ದ ಮಕ್ಕಳಲ್ಲಿ ಆಪರೇಷನ್ನಿನ ನಂತರದ ಎರಡು ವರ್ಷ ಗಂಟಲು ಸೋಂಕು ಗಣನೀಯವಾಗಿ ಕಡಿಮೆಯಾಯಿತೆಂದು ತೋರಿಸಿತು. ಆಪರೇಷನ್ ಆಗದವರಲ್ಲೂ ಅನೇಕರು ಸುಧಾರಿಸಿದ್ದರು. ಇಂದಿಗೂ ವೈದ್ಯರು ಬಳಸುವ ಲೆಕ್ಕ ಅಲ್ಲಿಂದ ಬಂದದ್ದು: ಒಂದು ವರ್ಷದಲ್ಲಿ ಕನಿಷ್ಠ 7 ಸಲ, ಇಲ್ಲವೇ ಎರಡು ವರ್ಷ ಸತತವಾಗಿ ವರ್ಷಕ್ಕೆ 5 ಸಲ, ಇಲ್ಲವೇ ಮೂರು ವರ್ಷ ವರ್ಷಕ್ಕೆ 3 ಸಲ. ಅಷ್ಟು ಆಗಿಲ್ಲದ ಮಗುವಿಗೆ ಸಾಮಾನ್ಯವಾಗಿ ಕಾಯುವುದೇ ಲೇಸು. ಕೀವು ಕಟ್ಟಿ ಟಾನ್ಸಿಲ್ ಪಕ್ಕ ಬಾವಾಗುವುದು, ಹಲವು ಆ್ಯಂಟಿಬಯಾಟಿಕ್‌ಗಳು ಒಗ್ಗದಿರುವುದು ಇಂಥ ಸಂದರ್ಭಗಳಲ್ಲಿ ಲೆಕ್ಕ ಸಡಿಲವಾಗುತ್ತದೆ.

ಎಲ್ಲ ಗಂಟಲು ನೋವೂ ಈ ಲೆಕ್ಕಕ್ಕೆ ಸೇರುವುದಿಲ್ಲ. ಮೂಗು ಸೋರಿ, ಕೆಮ್ಮಿ, ಮೂರು ದಿನಕ್ಕೆ ಇಳಿದುಹೋಗುವುದು ಬಹುಪಾಲು ವೈರಸ್ಸಿನ ಕೆಲಸ. ನೋವಿನ ಜೊತೆಗೆ 101 ಡಿಗ್ರಿ ದಾಟಿದ ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವು, ದವಡೆಯ ಕೆಳಗೆ ಕೈಗೆ ಸಿಗುವ ನೋಯುವ ಗಂಟು, ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇದೆಯೆಂದ ಪರೀಕ್ಷೆ ಇವುಗಳಲ್ಲಿ ಒಂದಾದರೂ ಇರಬೇಕು. ನಮ್ಮಲ್ಲಿ ಒಮ್ಮೆ ಈ ಡಾಕ್ಟರು, ಇನ್ನೊಮ್ಮೆ ಆ ಕ್ಲಿನಿಕ್ಕು, ಮಗದೊಮ್ಮೆ ನೇರ ಮೆಡಿಕಲ್ ಶಾಪು. ವರ್ಷದ ಕೊನೆಗೆ ಚೀಟಿಯೊಂದೂ ಉಳಿದಿರುವುದಿಲ್ಲ. ತಾರೀಖು, ಜ್ವರ ಎಷ್ಟಿತ್ತು, ಡಾಕ್ಟರು ಗಂಟಲಲ್ಲಿ ಏನು ಕಂಡರು, ಯಾವ ಔಷಧಿ, ಶಾಲೆ ಎಷ್ಟು ದಿನ ತಪ್ಪಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಇಎನ್‌ಟಿ ತಜ್ಞರಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ. ಸ್ಟ್ರೆಪ್ಟೊಕಾಕಸ್ ಸೋಂಕಾಗಿದ್ದರೆ ಬರೆದುಕೊಟ್ಟ ಮಾತ್ರೆಯನ್ನು ಪೂರ್ತಿ ಮುಗಿಸಬೇಕು. ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರವನ್ನು ತಡೆಯುವುದು ಆ ಔಷಧಿ. ಟಾನ್ಸಿಲ್ ತೆಗೆಸುವುದು ಅದಕ್ಕೆ ಬದಲಿಯಲ್ಲ.

ಟಾನ್ಸಿಲ್ ತೆಗೆಸಲು ಇನ್ನೊಂದು ಕಾರಣ ನಿದ್ದೆ. ಚಿಕ್ಕ ಮಕ್ಕಳಲ್ಲಿ ನಾನು ಹೆಚ್ಚು ಗಂಭೀರವಾಗಿ ನೋಡುವುದು ಇದನ್ನೇ. ಮಗು ಬಾಯಿ ತೆರೆದು, ಕತ್ತನ್ನು ಹಿಂದಕ್ಕೆ ಚಾಚಿ ಮಲಗುತ್ತದೆ. ದಿನವೂ ಜೋರು ಗೊರಕೆ. ನಡುವೆ ಗೊರಕೆ ನಿಲ್ಲುತ್ತದೆ, ಎದೆ ಮಾತ್ರ ಒದ್ದಾಡುತ್ತದೆ. ಕೆಲವು ಕ್ಷಣದ ಮೇಲೆ ಒಮ್ಮೆಗೇ ಏದುಸಿರು ಬಿಟ್ಟು ಮಗ್ಗುಲು ಬದಲಿಸುತ್ತದೆ. ಹಗಲಿನಲ್ಲಿ ಹಟ, ಸಿಡುಕು. ಕೆಲವರಿಗೆ ಹಾಸಿಗೆ ಒದ್ದೆ. ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಸೇರಿ ಉಸಿರಿನ ದಾರಿ ಕಟ್ಟಿರುವ ಲಕ್ಷಣವಿದು. ಮೊಬೈಲಿನಲ್ಲಿ ಅದನ್ನು ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ಹಗಲಿನ ಕ್ಲಿನಿಕ್ಕಿನಲ್ಲಿ ಅವರಿಗೆ ಅದು ಕಾಣಸಿಗದು. ಅಮೆರಿಕದಲ್ಲಿ 5ರಿಂದ 9 ವರ್ಷದ, ಇಂಥ ತೊಂದರೆಯಿದ್ದ 464 ಮಕ್ಕಳ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಏಳು ತಿಂಗಳ ನಂತರ ಆಪರೇಷನ್ ಆದವರಲ್ಲಿ ಶೇ. 79ರಷ್ಟು ಮಕ್ಕಳ ನಿದ್ದೆಯ ಪರೀಕ್ಷೆ ಸಹಜವಾಗಿತ್ತು, ಕಾದವರಲ್ಲಿ ಶೇ. 46. ವರ್ತನೆ ಸುಧಾರಿಸಿತು, ಏಕಾಗ್ರತೆಯ ಪರೀಕ್ಷೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ತೊಂದರೆ ಹಗುರವಾಗಿದ್ದರೆ ಕಾಯಬಹುದು, ತೀವ್ರವಾಗಿದ್ದರೆ ಕಾಯಬಾರದು.

ಆಪರೇಷನ್ನೇ ನಿಶ್ಚಯವಾದರೆ ಮೊದಲ ದಿನಕ್ಕಿಂತ ಆಮೇಲಿನ ವಾರದ ಬಗ್ಗೆ ಕೇಳಿ ತಿಳಿದುಕೊಳ್ಳಿ. ಗಂಟಲಲ್ಲಿ ಕಾಣುವ ಬಿಳಿ ಪೊರೆ ಕೀವಲ್ಲ, ಗಾಯ ಮಾಯುವ ಬಗೆ. ಕಿವಿ ನೋಯುತ್ತದೆ, ಮಗು ನೀರೂ ಬೇಡವೆನ್ನುತ್ತದೆ. ನೋವಿನ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟು ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಬೇಕು. ಕೊಡೀನ್ ಇರುವ ಔಷಧಿ ಹನ್ನೆರಡು ವರ್ಷದೊಳಗಿನವರಿಗೆ ಬೇಡ, ಉಸಿರಾಟವನ್ನೇ ಕುಗ್ಗಿಸೀತು. ಮೂರು ವರ್ಷದೊಳಗಿನ ಮಗುವನ್ನು ಆ ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುವುದು ಕ್ರಮ. ಕೆಲವು ಮಕ್ಕಳಲ್ಲಿ ಐದರಿಂದ ಹತ್ತನೇ ದಿನದ ನಡುವೆ ಪೊರೆ ಕಳಚುವಾಗ ರಕ್ತ ಒಸರಬಹುದು. ಮಲಗಿರುವ ಮಗು ಪದೇ ಪದೇ ಉಗುಳು ನುಂಗುತ್ತಿದ್ದರೆ ಅದು ರಕ್ತವಿರಬಹುದು. ಹೊತ್ತು ಯಾವುದೇ ಇರಲಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಬೇಸಿಗೆ ರಜೆಯಲ್ಲಿ ಆಪರೇಷನ್ ಮುಗಿಸಿ ನಾಲ್ಕನೇ ದಿನಕ್ಕೇ ಅಜ್ಜಿಯ ಊರಿಗೆ ಹೊರಡುವವರಿದ್ದಾರೆ. ಎರಡು ವಾರ ಬೇಡ. ರಾತ್ರಿಯೂ ಇಎನ್‌ಟಿ ವೈದ್ಯರು ಸಿಗುವ ಊರಿನ ಹತ್ತಿರವೇ ಇರಿ.