ಕುಣಿಕೆಯ ಆಕಾರ ಮತ್ತು ಸವಾರನ ಭಾರ: ರೋಲರ್ ಕೋಸ್ಟರಿನ ಬಲವಿಚಾರ

ಹದಿನೆಂಟನೆಯ ಶತಮಾನದ ರಷ್ಯಾದಲ್ಲಿ, ವಿಶೇಷವಾಗಿ ಸೇಂಟ್ ಪೀಟರ್ಸ್‌ಬರ್ಗ್ ಪರಿಸರದಲ್ಲಿ, ಮರದ ಚೌಕಟ್ಟುಗಳ ಮೇಲೆ ನೀರೆರೆದು ಹೆಪ್ಪುಗಟ್ಟಿಸಿದ ದಿಬ್ಬಗಳಿಂದ ಜಾರುವುದು ಚಳಿಗಾಲದ ಜನಪ್ರಿಯ ವಿನೋದವಾಗಿತ್ತು. ರೋಲರ್ ಕೋಸ್ಟರಿನ ಮೂಲವನ್ನು ಸಾಮಾನ್ಯವಾಗಿ ಇಲ್ಲಿಯೇ ಗುರುತಿಸಲಾಗುತ್ತದೆ. ಫ್ರೆಂಚರು ಅದನ್ನು ಇಂದಿಗೂ ‘ರಷ್ಯನ್ ಬೆಟ್ಟಗಳು’ ಎನ್ನುತ್ತಾರೆ. ರಷ್ಯನ್ನರಾದರೋ ‘ಅಮೆರಿಕನ್ ಬೆಟ್ಟಗಳು’ ಎನ್ನುತ್ತಾರೆ! ಹೆಸರುಗಳು ಹೀಗೆ ನೆರೆಯವರ ಮನೆಗೆ ಹೋಗಿ ಸೇರುವುದು ಜಾನಪದ ಅಧ್ಯಯನಕ್ಕೆ ಹೊಸತೇನಲ್ಲ.

ಸವಾರನು ಅನುಭವಿಸುವುದು ಗುರುತ್ವಾಕರ್ಷಣೆಯನ್ನೇ ಎಂಬ ಗ್ರಹಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಗುರುತ್ವವು ದೇಹದ ಕಣಕಣವನ್ನೂ ಸಮನಾಗಿ ಎಳೆಯುವುದರಿಂದ ಅದು ನೇರವಾಗಿ ಅರಿವಿಗೆ ಬರುವುದಿಲ್ಲ. ಅರಿವಿಗೆ ಬರುವುದು ಆಸನವು ದೇಹವನ್ನು ಒತ್ತುವ ಬಲ. ಗಾಡಿಯು ದಿಬ್ಬದ ನೆತ್ತಿಯನ್ನು ವೇಗವಾಗಿ ದಾಟುವಾಗ ಆ ಒತ್ತಡ ಇಳಿದು, ಒಳಗಿನ ಅಂಗಗಳ ಆಧಾರವೂ ಸಡಿಲಗೊಳ್ಳುತ್ತದೆ. ಜಾತ್ರೆಯ ತೊಟ್ಟಿಲು ಮೇಲ್ತುದಿಯನ್ನು ದಾಟುವಾಗ ಹೊಟ್ಟೆಯಲ್ಲಿ ಆಗುವ ಕಳವಳವೂ ಇದೇ.

ತಗ್ಗಿನಲ್ಲಿ ಆಗುವುದು ಇದಕ್ಕೆ ವಿರುದ್ಧ. ಅಲ್ಲಿನ ಅಪಾಯವನ್ನು ತೋರಿಸಿಕೊಟ್ಟದ್ದು 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಆರಂಭವಾದ ‘ಫ್ಲಿಪ್ ಫ್ಲ್ಯಾಪ್’. ಅದರ ಕುಣಿಕೆ ವೃತ್ತಾಕಾರದ್ದಾಗಿತ್ತು. ವೃತ್ತದ ತುದಿಯಲ್ಲಿ ಗಾಡಿಯು ಹಳಿ ಬಿಡದಷ್ಟು ವೇಗವಾದರೂ ಇರಬೇಕೆಂದಾದರೆ, ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಬುಡದಲ್ಲಿ ಸವಾರನ ಮೇಲೆ ಅವನ ತೂಕದ ಆರು ಪಟ್ಟು ಒತ್ತಡ ಬೀಳುತ್ತದೆ. ಸುಮಾರು 5 ಕಿಲೋ ತೂಗುವ ತಲೆಯನ್ನು ಕತ್ತು ಆ ಕ್ಷಣದಲ್ಲಿ 30 ಕಿಲೋ ಎಂಬಂತೆ ಹೊರಬೇಕು. ವೃತ್ತವನ್ನು ದೊಡ್ಡದಾಗಿಸಿದರೆ ಪರಿಹಾರ ದೊರೆಯಬಹುದೆಂದು ತೋರುತ್ತದೆ. ಆದರೆ ವ್ಯಾಸ ಹೆಚ್ಚಿದಂತೆ ತುದಿಯನ್ನು ತಲುಪಲು ಬೇಕಾದ ವೇಗವೂ ಹೆಚ್ಚುವುದರಿಂದ ಆರು ಪಟ್ಟು ಆರು ಪಟ್ಟಾಗಿಯೇ ಉಳಿಯುತ್ತದೆ. ಮೇಲಾಗಿ ನೇರ ಹಳಿಯಿಂದ ವೃತ್ತವನ್ನು ಪ್ರವೇಶಿಸುತ್ತಲೇ ಈ ಭಾರ ಒಮ್ಮೆಗೇ ಎರಗುತ್ತದೆ. ಆ ಕುಣಿಕೆ ಕತ್ತುನೋವಿಗೆ ಕುಖ್ಯಾತವಾದುದರಲ್ಲಿ ಆಶ್ಚರ್ಯವಿಲ್ಲ.

ದೋಷವಿದ್ದದ್ದು ಗಾತ್ರದಲ್ಲಲ್ಲ, ಆಕಾರದಲ್ಲಿ. 1901ರಲ್ಲಿ ಎಡ್ವಿನ್ ಪ್ರೆಸ್ಕಾಟ್ ಅಲ್ಲಿಯೇ ಅಂಡಾಕಾರದ ಕುಣಿಕೆಯನ್ನು ನಿರ್ಮಿಸಿದನು. ಸಮರ್ಪಕ ಪರಿಹಾರ ಬಂದದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದ ‘ರೆವಲ್ಯೂಷನ್’ ಮೂಲಕ. ಜರ್ಮನಿಯ ಆಂಟನ್ ಶ್ವಾರ್ಟ್ಸ್‌ಕೋಫ್ ಮತ್ತು ವೆರ್ನರ್ ಸ್ಟೆಂಗೆಲ್ ಅದಕ್ಕೆ ಕ್ಲೋಥಾಯ್ಡ್ ವಕ್ರರೇಖೆಯನ್ನು ಅಳವಡಿಸಿದರು. ರೈಲುಹಾದಿಯ ತಿರುವುಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ರೇಖೆಯದು. ವೇಗ ಹೆಚ್ಚಿರುವ ಬುಡದಲ್ಲಿ ಬಾಗು ವಿಶಾಲ, ವೇಗ ಕುಂದುವ ತುದಿಯಲ್ಲಿ ಬಿಗಿ. ಹೀಗಾಗಿ ಒತ್ತಡ ಮೆಲ್ಲಮೆಲ್ಲನೆ ಏರುತ್ತದೆ, ಅತಿರೇಕಕ್ಕೆ ಹೋಗುವುದಿಲ್ಲ. ಕುಣಿಕೆಯನ್ನು ದೂರದಿಂದ ನೋಡಿದಾಗ ಚೂಪು ಕೆಳಗಿರುವ, ತಲೆಕೆಳಗಾದ ನೀರಹನಿಯಂತೆ ಕಾಣುವುದು ಇದರಿಂದಲೇ.

ಒಂದೇ ಗಾಡಿಯ ಸವಾರರೆಲ್ಲರ ಅನುಭವವೂ ಒಂದೇ ಅಲ್ಲ. ಮುಂದಿನ ಡಬ್ಬಿಗಳು ಇಳಿಜಾರಿನಲ್ಲಿ ವೇಗ ಪಡೆದು ಎಳೆಯುತ್ತಿರುವಾಗ ಕೊನೆಯ ಡಬ್ಬಿ ನೆತ್ತಿಯನ್ನು ದಾಟುತ್ತದೆ. ಆಸನದಿಂದ ಮೇಲೇಳುವ ಅನುಭವವನ್ನು ಬಯಸುವವರು ಹಿಂದಿನ ಸಾಲನ್ನು ಆರಿಸಿಕೊಳ್ಳುವುದು ಅದಕ್ಕಾಗಿಯೇ.