ಎರೆಮಣ್ಣಿಗೆ ಹುಟ್ಟಿದ ಎತ್ತು

ಬೆಳ್ಳಿಚುಕ್ಕಿ ಇನ್ನೂ ಮಾಸಿಲ್ಲ. ಕೃಷ್ಣೆಯ ದಂಡೆಯ ಮೇಲೊಂದು ಊರು, ನೂರು ವರ್ಷಗಳಾಚೆಯ ಒಂದು ನಸುಕು. ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಮೊದಲು ಮೈಗೆ ತಾಗುವುದು ದನಗಳ ಬಿಸಿಯುಸಿರು. ಆಮೇಲೆ ಸೆಗಣಿ, ಗಂಜಲ, ನೆನೆಸಿಟ್ಟ ಹತ್ತಿಕಾಳು, ಒಣ ಕಣಕಿ ಎಲ್ಲ ಬೆರೆತ ಒಂದು ಬೆಚ್ಚನೆಯ ವಾಸನೆ. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಬೆಳ್ಳನೆಯ ಎರಡು ಗುಡ್ಡಗಳು ನಿಧಾನಕ್ಕೆ ಎದ್ದು ಕಾಣುತ್ತವೆ. ಎತ್ತುಗಳು ಮೆಲುಕು ಹಾಕುತ್ತಿವೆ.

ಇಲ್ಲಿಯ ಒಕ್ಕಲಿಗರ ಮನೆಗಳ ಕಟ್ಟೋಣವೇ ಹಾಗೆ. ಬಾಗಿಲ ಬದಿಯ ತಗ್ಗಿನ ಅಂಕಣ ದನಗಳಿಗೆ, ಅದರಾಚೆ ಕಟ್ಟೆ ಏರಿದರೆ ಮನುಷ್ಯರ ಪಡಸಾಲೆ. ಕಟ್ಟೆಯ ಅಂಚಿಗೇ ಗ್ವಾದಲಿ, ದನಗಳ ಮೇವಿನ ತೊಟ್ಟಿ. ಕಂಬಳಿ ಹೊದ್ದು ಮಲಗಿದ ಯಜಮಾನ ಕೈ ಚಾಚಿದರೆ ಎತ್ತಿನ ಹಣೆ ಸಿಗುತ್ತದೆ. ರಾತ್ರಿ ಎತ್ತು ಒಮ್ಮೆ ಗೊರಸು ಬಡಿದರೂ ಅವನಿಗೆ ಎಚ್ಚರ. ಈಗ ಅವನು ಎದ್ದ, ಕಣಕಿಯ ಸೂಡು ಬಿಚ್ಚಿ ಗ್ವಾದಲಿಗೆ ಹಾಕಿದ, ಎತ್ತಿನ ಗಂಗೆದೊಗಲನ್ನು ಕೆರೆಯುತ್ತ “ಏಳೋ ನನ್ನಪ್ಪಾ, ಹೊತ್ತಾತು” ಅಂದ. ಒಳಗೆ ಬೀಸುಕಲ್ಲಿನ ಸದ್ದು ಆಗಲೇ ಶುರುವಾಗಿದೆ. ಇನ್ನೊಂದು ಗಳಿಗೆಗೆ ಜೋಳದ ರೊಟ್ಟಿ ಬಡಿಯುವ ಸಪ್ಪಳವೂ ಸೇರುತ್ತದೆ.

ಹೊಲಕ್ಕೆ ಹೋಗೋಣ. ದಾರಿಯುದ್ದಕ್ಕೂ ಗೆಜ್ಜೆಯ ನಾದ, ಚಕ್ಕಡಿಯ ಗಾಲಿಗಳ ಕಿರುಗುಟ್ಟುವಿಕೆ. ಬೇಸಿಗೆಯ ಎರೆಹೊಲ ಬಾಯಿ ತೆರೆದು ನಿಂತಿದೆ. ಬಿರುಕುಗಳಲ್ಲಿ ಬಾರಕೋಲು ಇಳಿಬಿಟ್ಟರೆ ಅರ್ಧಕ್ಕರ್ಧ ಒಳಗೆ ಹೋಗುತ್ತದೆ. ಇದೇ ಮಣ್ಣು ನಾಲ್ಕು ಮಳೆ ಬಿದ್ದರೆ ಅಂಟಿನ ಉಂಡೆಯಾಗಿ ಕಾಲನ್ನೇ ಬಿಡುವುದಿಲ್ಲ. ಹಿಂಗಾರಿ ಜೋಳಕ್ಕೂ ಹತ್ತಿಗೂ ತಾಯಿಯಂಥ ನೆಲ, ಆದರೆ ದುಡಿಸಿಕೊಳ್ಳುವುದರಲ್ಲಿ ಬಲು ಕಠಿಣ. ಕರಿಕೆ ಬೇರು ಬಿಟ್ಟ ಹೊಲವನ್ನು ಒಡೆಯಬೇಕಾದರೆ ಭಾರದ ರಂಟೆಗೆ ಒಂದು ಜೋಡಿ ಸಾಲದು. ಒಂದರ ಮುಂದೊಂದು ನಾಲ್ಕೈದು ಜೋಡಿ ಹೂಡುತ್ತಾರೆ. ಒಬ್ಬರ ಮನೆಯಲ್ಲಿ ಅಷ್ಟು ಎತ್ತು ಎಲ್ಲಿಂದ ಬರಬೇಕು? ಓಣಿಯವರೆಲ್ಲ ತಮ್ಮ ತಮ್ಮ ಜೋಡಿ ತಂದು ಮುಯ್ಯಿಗೆ ನಿಲ್ಲುತ್ತಾರೆ. ಹಿಂದಿನವನು ಕೂಗಿದಾಗ ಅಷ್ಟೂ ಎತ್ತುಗಳು ಒಟ್ಟಿಗೆ ಕೊರಳು ತಗ್ಗಿಸುತ್ತವೆ, ನೊಗ ನರಳುತ್ತದೆ, ನೆಲ ಹೆಂಟೆ ಹೆಂಟೆಯಾಗಿ ಮಗುಚಿ ಬೀಳುತ್ತದೆ. ಹೊಸದಾಗಿ ಒಡೆದ ಎರೆಮಣ್ಣಿನ ವಾಸನೆ ಮೂಗಿಗೆ ಬಂದಾಗ ಅಷ್ಟು ಜನರ ಮುಖದ ಮೇಲೂ ಒಂದೇ ಬಗೆಯ ನಿರಾಳ.

ಆ ಎತ್ತನ್ನು ಹತ್ತಿರದಿಂದ ನೋಡಬೇಕು. ಬೂದು ಬೆರೆತ ಬಿಳಿ ಮೈ. ಹೋರಿಯಾದರೆ ಹೆಗಲು, ತೊಡೆಯ ಕಡೆ ಬಣ್ಣ ಕಪ್ಪಿಗೆ ತಿರುಗಿರುತ್ತದೆ. ಉಬ್ಬಿದ ಹಣೆ, ಒಳಕ್ಕೆ ಬಾಗಿದ ಸಣ್ಣ ಕೊಂಬು, ಗಿಡ್ಡ ದಪ್ಪ ಕಾಲು, ಜೋಲುವ ಗಂಗೆದೊಗಲು. ನಡಿಗೆ ನಿಧಾನ. ರಸ್ತೆಯ ಮೇಲೆ ಕಿಲಾರಿ ಎತ್ತು ಇದನ್ನು ಸಲೀಸಾಗಿ ಹಿಂದೆ ಹಾಕುತ್ತದೆ, ಎರೆಯಲ್ಲಿ ಕಾಲು ಹುಗಿದಾಗ ಮಾತ್ರ ಇದರ ಸಮಕ್ಕೆ ಯಾವುದೂ ಬರುವುದಿಲ್ಲ. ಇದೇ ಕೃಷ್ಣಾ ಕಣಿವೆಯ ತಳಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಈ ಸೀಮೆಯ ಸಂಸ್ಥಾನಿಕರು, ಅದರಲ್ಲೂ ಸಾಂಗಲಿಯ ಪಟವರ್ಧನರು, ಬಲವಾದ ಎತ್ತು ಬೇಕೆಂದು ಬೆಳೆಸಿದ ದನ. ಕಾಠಿಯಾವಾಡದ ಗಿರ್, ಗುಜರಾತಿನ ಕಾಂಕ್ರೇಜ್, ಆಂಧ್ರದ ಒಂಗೋಲು, ಹಳ್ಳಿಕಾರದ ರಕ್ತವಿದ್ದ ನಾಡದನ ಇಷ್ಟೂ ಇದರ ಮೈಯಲ್ಲಿ ಸೇರಿವೆ.

ಆಗ ಈ ನೆಲ ಒಬ್ಬ ದೊರೆಯದಾಗಿರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರ ಒಂದು ಮನೆತನ, ಮುಧೋಳದಲ್ಲಿ ಘೋರ್ಪಡೆಯವರು. ರಬಕವಿ ಸಾಂಗಲಿಯದು, ಅದರ ಮಗ್ಗುಲಿಗೇ ಇರುವ ಬನಹಟ್ಟಿ ಜಮಖಂಡಿಯದು. ಬೀಳಗಿಯ ಸೀಮೆ ಬ್ರಿಟಿಷರ ಬಿಜಾಪುರ ಜಿಲ್ಲೆಯೊಳಗೆ. ರಬಕವಿ–ಬನಹಟ್ಟಿಯ ಮಗ್ಗಗಳಿಗೆ ನೂಲು ಹೊತ್ತ ಚಕ್ಕಡಿ ಒಂದೇ ಹಗಲಿನಲ್ಲಿ ರಾಜ್ಯದಿಂದ ರಾಜ್ಯಕ್ಕೆ ದಾಟುತ್ತಿತ್ತು. ರೈಲು ಪಶ್ಚಿಮಕ್ಕೆ ಕುಡಚಿಯಲ್ಲಿ, ಪೂರ್ವಕ್ಕೆ ಬಾಗಲಕೋಟೆಯಲ್ಲಿ ಸಿಗುತ್ತಿತ್ತು. ನಡುವಿನ ಅಷ್ಟೂ ನಾಡಿನ ಭಾರ ಎತ್ತಿನ ಹೆಗಲ ಮೇಲೆ.

ಜಾತ್ರೆಯಲ್ಲಿ ಅದರ ಬೆಲೆ ಕಟ್ಟುವುದನ್ನು ನೋಡಬೇಕು. ಧೂಳು, ಸುಟ್ಟ ಬೆರಣಿಯ ಹೊಗೆ, ಚುರಮರಿಯ ಅಂಗಡಿ, ಹಗ್ಗ–ಮೂಗುದಾರ ಮಾರುವವರ ಸಾಲು. ಕೊಳ್ಳುವವನು ಎತ್ತಿನ ಸುತ್ತ ಮೂರು ಸಲ ತಿರುಗಿ ಸುಳಿ ನೋಡಿದ, ಗೊರಸು ಎತ್ತಿ ನೋಡಿದ.

“ಎಷ್ಟ ಹಲ್ಲ್ರೀ ಯಜಮಾನ್ರ?”

“ಎರಡ ಹಲ್ಲ ಐತ್ರಿ. ಬಾಯಿ ತೆಗದ ನೋಡ್ರಿ ಬೇಕಾದ್ರ.”

ಮುಂದೆ ಮಾತಿಲ್ಲ. ದಲಾಲ ವಲ್ಲಿ ಹಾಸಿ ಅದರಡಿಯಲ್ಲಿ ಕೈ ಹಿಡಿದ. ಬೆರಳು ಬೆರಳುಗಳ ನಡುವೆ ರೂಪಾಯಿಗಳ ಲೆಕ್ಕ ಓಡಾಡಿತು. ಮಾರಿದವನು ಹಣ ಎಣಿಸಿಕೊಳ್ಳುವ ಮೊದಲು ಎತ್ತಿನ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಮುಖ ಆಚೆ ತಿರುಗಿಸಿದ.

ಈ ದನ ಸಮುದ್ರವನ್ನೂ ದಾಟಿತು. 1854ರಿಂದ 1926ರವರೆಗೆ ಅಮೆರಿಕಕ್ಕೆ ಹೋದ ಭಾರತದ ದನಗಳು ಮುನ್ನೂರನ್ನೂ ಮುಟ್ಟಲಿಲ್ಲ. ಟೆಕ್ಸಾಸ್ ಮತ್ತು ಅದರ ಸುತ್ತಣ ಬಿಸಿಲು, ಉಣ್ಣೆಹುಳುಗಳ ಕಾಟ ತಡೆಯಲಾರದ ಯುರೋಪಿನ ದನಗಳ ನಡುವೆ ಇವು ತಾಳಿ ನಿಂತವು. ಅವುಗಳಿಂದ ಕಟ್ಟಿದ ಬ್ರಾಹ್ಮನ್ ಎಂಬ ತಳಿಯಲ್ಲಿ ಗಿರ್, ಒಂಗೋಲು, ಕಾಂಕ್ರೇಜ್‌ಗಳ ಜೊತೆ ಕೃಷ್ಣಾ ಕಣಿವೆಯದೂ ಒಂದು ಪಾಲು. ಅಲ್ಲಿಯ ಸಾವಿರಾರು ಎಕರೆಯ ಬೇಲಿಯೊಳಗೆ ಮಾಂಸಕ್ಕಾಗಿ ಬೆಳೆದ ಹಿಂಡೆಲ್ಲಿ, ಪಡಸಾಲೆಯ ಪಕ್ಕ ಹೆಸರಿಟ್ಟು ಕರೆಯುವ ಈ ಜೋಡಿಯೆಲ್ಲಿ!

ಮುಧೋಳದ ಬೇಟೆನಾಯಿಯ ಕಥೆ ಎಲ್ಲರಿಗೂ ಗೊತ್ತು. ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರು, 2005ರಲ್ಲಿ ಅದರ ಅಂಚೆಚೀಟಿಯೂ ಬಂತು. ಆ ಹೆಸರಿನಲ್ಲಿ ಕಾಲುಪಾಲಾದರೂ ನಾಡಿಗೆ ಅನ್ನ ಹಾಕಿದ ಎತ್ತಿಗೆ ಸಿಗಬೇಕಿತ್ತು ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ.

ಈಗ ಆ ಹೊಲಗಳಲ್ಲಿ ಕಬ್ಬು. ಬೀಳಗಿಯ ಎಷ್ಟೋ ಎರೆಹೊಲ ಆಲಮಟ್ಟಿಯ ಹಿನ್ನೀರಿನ ಕೆಳಗೆ. ರಂಟೆಯ ಕೆಲಸ ಟ್ರ್ಯಾಕ್ಟರಿಗೆ ಹೋಗಿದೆ, ಕೃಷ್ಣಾ ಕಣಿವೆಯ ಅಪ್ಪಟ ಹೋರಿ ಹುಡುಕಿದರೂ ಸಿಗುವುದು ಅಪರೂಪ. ಆದರೂ ಜಾತ್ರೆಗಳ ತೆರಬಂಡಿ ಸ್ಪರ್ಧೆಯಲ್ಲಿ ಗಾಲಿ ಬಿಗಿದ ಬಂಡಿಯನ್ನು ಎತ್ತುಗಳು ಎಳೆಯುವಾಗ ಸುತ್ತ ನಿಂತ ಹುಡುಗರು ಉಸಿರು ಬಿಗಿಹಿಡಿದು, ತಮಗೇ ಗೊತ್ತಿಲ್ಲದಂತೆ ತಾವೂ ಕೊರಳು ಮುಂದಕ್ಕೆ ಚಾಚುತ್ತಾರೆ.

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಬನಹಟ್ಟಿಯ ಓಣಿಯೊಂದರಲ್ಲಿ, ಮಗ್ಗದ ಸದ್ದಿನ ನಡುವೆ, ಅಜ್ಜಿಯೊಬ್ಬಳು ಎರೆಮಣ್ಣು ನಾದುತ್ತಿದ್ದಾಳೆ. ದನವೇ ಇಲ್ಲದ ಮನೆ. ಮೊಮ್ಮಗಳು ಕೊಂಬು ಉದ್ದಕ್ಕೆ ಎಳೆಯಹೋದರೆ ಅಜ್ಜಿ ತಡೆದು, ಸಣ್ಣಗೆ ಒಳಕ್ಕೆ ಬಾಗಿಸುತ್ತಾಳೆ. ಹಣೆಯನ್ನು ಹೆಬ್ಬೆರಳಿಂದ ಉಬ್ಬಿಸುತ್ತಾಳೆ. ಜೋಡಿ ಜಗುಲಿ ಏರಿತು. ಮುಂದೊಂದು ಪುಟ್ಟ ಗ್ವಾದಲಿ, ಅದರಲ್ಲಿ ನಾಲ್ಕು ಕಾಳು ಜೋಳ.